ಇಪ್ಪತ್ತು ಜನರ ಊಟ ಮತ್ತು ಕಾಯಬಲ್ಲ ಅಡುಗೆ

ಪ್ರಶ್ನೆ: ನಾಲ್ಕು ಜನರ ಅಡುಗೆಯನ್ನು ನಾನು ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ. ಅದು ನನ್ನ ದಿನದ ಖುಷಿಯ ಹೊತ್ತು. ಆದರೆ ವರ್ಷಕ್ಕೆ ಎರಡು ಸಲ ಬಂಧುಗಳೆಲ್ಲ ನಮ್ಮ ಮನೆಯಲ್ಲಿ ಸೇರುತ್ತೇವೆ. ಮೂರು ವರ್ಷದ ಮಗುವಿನಿಂದ ಎಂಬತ್ತು ದಾಟಿದ ಹಿರಿಯರವರೆಗೆ ಒಟ್ಟು ಇಪ್ಪತ್ತು ಜನ. ಕಳೆದ ಬಾರಿ ಎಲ್ಲ ಅಳತೆಯನ್ನೂ ಐದರಿಂದ ಗುಣಿಸಿ ಅಡುಗೆ ಮಾಡಿದೆ. ಅನ್ನ ಕೆಳಗೆ ಮುದ್ದೆಯಾಯಿತು, ಮೇಲೆ ಅಗುಳು ಅರೆಬೆಂದೇ ಉಳಿಯಿತು. ಈರುಳ್ಳಿ ಕೆಂಪಗಾಗಲೇ ಇಲ್ಲ. ಬೇಳೆ ನೀರು ನೀರಾಗಿತ್ತು, ಖಾರ ಮಾತ್ರ ವಿಪರೀತ. ಬೆಳಗಿನ ಐದರಿಂದ ಮಧ್ಯಾಹ್ನ ಎರಡರವರೆಗೆ ಒಲೆಯ ಮುಂದೆಯೇ ಇದ್ದೆ. ಊಟದ ನಂತರ ಎಲ್ಲರೂ ವಸ್ತುಸಂಗ್ರಹಾಲಯಕ್ಕೆ, ಅಲ್ಲಿಂದ ಸಂಜೆ ಸಂಗೀತ ಕಾರ್ಯಕ್ರಮಕ್ಕೆ ಹೋದೆವು. ಎರಡನೆಯ ಹಾಡಿಗೇ ನನಗೆ ನಿದ್ದೆ ಬಂತು. ಮುಂದಿನ ಸಲ ಹೊರಗಿನಿಂದ ಊಟ ತರಿಸಿಬಿಡಲೇ?

ಉತ್ತರ: ತರಿಸುವ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ಗುಣಾಕಾರದ ಮೇಲೆ ನನಗೊಂದು ತಕರಾರಿದೆ.

ಆಹಾರ ವಿಜ್ಞಾನ ಕಲಿಸುವ ಜೊತೆಗೆ ನಾನು ಕೆಲವು ವರ್ಷ ಒಂದು ವಿದ್ಯಾರ್ಥಿನಿಲಯದ ಅಡುಗೆಮನೆಯ ಹೊಣೆಯನ್ನೂ ಹೊತ್ತಿದ್ದೆ. ನೀವು ಬರೆದಿರುವ ಪ್ರತಿಯೊಂದು ಎಡವಟ್ಟೂ ಅಲ್ಲಿ ನನ್ನ ಕೈಯಿಂದ ಆಗಿದೆ. ಆದ್ದರಿಂದ ನಿಮ್ಮ ಕೈಗುಣವನ್ನು ದೂರಬೇಡಿ. ಐದು ಪಟ್ಟು ಅಡುಗೆ ಎಂದರೆ ಅದೇ ಅಡುಗೆ ಐದು ಸಲ ಎಂದು ಅರ್ಥವಲ್ಲ. ಐದು ಪಟ್ಟು ಹಿಡಿಯುವ, ಅದೇ ಆಕಾರದ ಪಾತ್ರೆಯನ್ನು ಒಲೆಗೆ ಏರಿಸಿದಿರಿ ಎನ್ನಿ. ಒಳಗಿನ ಪದಾರ್ಥ ಐದು ಪಟ್ಟಾಯಿತು. ಆದರೆ ಆವಿ ಹೊರಹೋಗುವ ಬಾಯಿ, ಬೆಂಕಿ ತಾಗುವ ತಳ ಮೂರು ಪಟ್ಟನ್ನೂ ಮುಟ್ಟುವುದಿಲ್ಲ. ಒಲೆಯಂತೂ ಅದೇ ಒಲೆ, ಉರಿ ಅದೇ ಉರಿ. ನಿಮ್ಮ ಅನ್ನ, ಈರುಳ್ಳಿ, ಬೇಳೆ ಮೂರೂ ಕೆಟ್ಟದ್ದು ಈ ಒಂದೇ ಕಾರಣಕ್ಕೆ.

ಒಂದು ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 314 ಕಿಲೋಜೌಲ್ ಶಾಖ ಬೇಕು. ಅದೇ ನೀರು ಪೂರ್ತಿ ಆವಿಯಾಗಿ ಹೋಗಬೇಕಾದರೆ ಇನ್ನೂ 2,257 ಕಿಲೋಜೌಲ್, ಎಂದರೆ ಏಳು ಪಟ್ಟಿಗಿಂತ ಹೆಚ್ಚು. ನೀರು ಕುದಿಸುವುದು ಒಲೆಗೆ ಸಣ್ಣ ಕೆಲಸ, ನೀರು ಇಂಗಿಸುವುದು ದೊಡ್ಡ ಕೆಲಸ. ನಾಲ್ಕು ಜನರ ಬೇಳೆಯಲ್ಲಿ ಹೆಚ್ಚಾದ ಎರಡು ಲೋಟ ನೀರು ನೀವು ಮೊಬೈಲ್ ನೋಡುತ್ತಿರುವಾಗ ತಾನಾಗಿ ಇಂಗಿಹೋಗುತ್ತದೆ. ಇಪ್ಪತ್ತು ಜನರ ಬೇಳೆಯಲ್ಲಿ ಹೆಚ್ಚಾದ ಹತ್ತು ಲೋಟ ಒಂದು ಗಂಟೆ ಕಳೆದರೂ ಅಲ್ಲೇ ಇರುತ್ತದೆ. ಇದಕ್ಕೆ ಪರಿಹಾರ ಸರಳ. ದೊಡ್ಡ ಅಡುಗೆಯಲ್ಲಿ ನೀರನ್ನು ಅಳತೆಗಿಂತ ಕಡಿಮೆ ಹಾಕಿ, ಪಕ್ಕದ ಒಲೆಯಲ್ಲಿ ಬಿಸಿನೀರು ಇಟ್ಟುಕೊಂಡು ಬೇಕಾದಷ್ಟು ಸೇರಿಸುತ್ತ ಹೋಗಿ. ಹಾಕುವುದು ಸುಲಭ, ತೆಗೆಯುವುದು ಕಷ್ಟ.

ಅನ್ನಕ್ಕೆ ಇದಕ್ಕಿಂತ ಖಚಿತವಾದ ದಾರಿಯಿದೆ. ಅಕ್ಕಿಗೆ ಹಾಕಿದ ನೀರಿನಲ್ಲಿ ಒಂದು ಪಾಲನ್ನು ಅಗುಳು ಕುಡಿಯುತ್ತದೆ, ಇನ್ನೊಂದು ಪಾಲು ಆವಿಯಾಗಿ ಹೋಗುತ್ತದೆ. ಅಕ್ಕಿ ಐದು ಪಟ್ಟಾದರೆ ಕುಡಿಯುವ ನೀರೂ ಐದು ಪಟ್ಟಾಗುವುದು ಸರಿ. ಆವಿಯಾಗುವ ನೀರು ಹಾಗಲ್ಲ, ಅದು ಒಂದೂವರೆ ಪಟ್ಟು, ಹೆಚ್ಚೆಂದರೆ ಎರಡು ಪಟ್ಟು ಆದೀತು. ನಿಮ್ಮ ಮನೆಯ ಲೆಕ್ಕವನ್ನು ನೀವೇ ಕಂಡುಕೊಳ್ಳಬಹುದು. ಒಂದು ದಿನ ನಾಲ್ಕು ಜನರ ಅನ್ನಕ್ಕೆ ಇಡುವಾಗ ಪಾತ್ರೆ, ಮುಚ್ಚಳ, ಅಕ್ಕಿ, ನೀರು ಎಲ್ಲವನ್ನೂ ಒಟ್ಟಿಗೆ ತೂಗಿ. ಅನ್ನವಾದ ಮೇಲೆ ಮತ್ತೆ ತೂಗಿ. ಕಡಿಮೆಯಾದಷ್ಟೂ ಆವಿಯಾಗಿ ಹೋದ ನೀರು, ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್. ಉದಾಹರಣೆಗೆ 400 ಗ್ರಾಂ ಅಕ್ಕಿಗೆ ಒಂದು ಲೀಟರ್ ನೀರು ಹಾಕಿದ್ದಿರಿ, ತೂಕ 350 ಗ್ರಾಂ ಇಳಿದಿತ್ತು ಎಂದುಕೊಳ್ಳಿ. ಅಕ್ಕಿ ಕುಡಿದದ್ದು 650. ಎರಡು ಕಿಲೋ ಅಕ್ಕಿಗೆ 3,250 ಮಿಲಿಲೀಟರ್, ಆವಿಗೆಂದು ಐನೂರೋ ಏಳುನೂರೋ. ಒಟ್ಟು ನಾಲ್ಕು ಲೀಟರಿನೊಳಗೆ ಮುಗಿಯಿತು. ಗುಣಾಕಾರ ಮಾಡಿದ್ದರೆ ಐದು ಲೀಟರ್ ಹಾಕುತ್ತಿದ್ದಿರಿ. ನಿಮ್ಮ ಅನ್ನವನ್ನು ಮುದ್ದೆ ಮಾಡಿದ್ದು ಆ ಒಂದು ಲೀಟರ್.

ಮೇಲಿನ ಅಗುಳು ಬೇಯದಿರುವುದಕ್ಕೆ ಕಾರಣ ಪಾತ್ರೆಯ ಆಳ. ಅಕ್ಕಿ ಒಂದು ಗೇಣು ಎತ್ತರ ನಿಂತರೆ ತಳದ ಅಗುಳಿಗೆ ಬಿಸಿಯೂ ಹೆಚ್ಚು, ಮೇಲಿನಿಂದ ಬೀಳುವ ಭಾರವೂ ಹೆಚ್ಚು. ಒಂದು ಆಳವಾದ ಪಾತ್ರೆಗಿಂತ ಎರಡು ಅಗಲವಾದ ಪಾತ್ರೆ ಯಾವಾಗಲೂ ಮೇಲು. ಅಷ್ಟು ಲೆಕ್ಕಾಚಾರ ಬೇಡವೆನಿಸಿದರೆ ಹೇರಳ ನೀರಿನಲ್ಲಿ ಬೇಯಿಸಿ ಬಸಿಯುವ ಕ್ರಮವಿದೆ. ಅದರಲ್ಲಿ ಅಳತೆಯ ಹಂಗೇ ಇಲ್ಲ, ಅಗುಳನ್ನು ಹಿಸುಕಿ ನೋಡಿದರಾಯಿತು. ಪ್ರೆಷರ್ ಕುಕ್ಕರ್ ಇದ್ದರೆ ಅದನ್ನು ಬಾಯಿಯವರೆಗೆ ತುಂಬಬೇಡಿ. ಸಾಮಾನ್ಯ ಅಡುಗೆಗೆ ಮೂರನೆಯ ಎರಡು ಭಾಗ, ನೊರೆ ಬರುವ ಬೇಳೆ ಕಾಳುಗಳಿಗೆ ಅರ್ಧ, ಅಷ್ಟೇ ಮಿತಿ. ಆವಿ ಹೋಗುವ ದಾರಿಗೆ ನೊರೆ ಕಟ್ಟಿಕೊಂಡರೆ ಅಪಾಯ. ಡೆನಿಸ್ ಪಾಪಿನ್ ಎಂಬಾತ 1679ರಲ್ಲಿ ಇಂಥ ಮುಚ್ಚಿದ ಪಾತ್ರೆಯನ್ನು ಮೊದಲು ತೋರಿಸಿದವನು. ಸುರಕ್ಷತಾ ಕವಾಟವನ್ನು ಕಂಡುಹಿಡಿದ ಶ್ರೇಯಸ್ಸೂ ಅವನಿಗೇ ಸಲ್ಲುತ್ತದೆ ಎಂಬುದನ್ನು ಕುಕ್ಕರ್ ತುಂಬುವಾಗಲೆಲ್ಲ ನೆನಪಿಸಿಕೊಳ್ಳುತ್ತೇನೆ.

ಇನ್ನು ಈರುಳ್ಳಿ. ಕೆಂಪಗೆ ಹುರಿದ ಈರುಳ್ಳಿಯ ಘಮ ಹುಟ್ಟುವುದು ಅದರ ಸಕ್ಕರೆಗೂ ಅಮೈನೋ ಆಮ್ಲಗಳಿಗೂ ನಡೆಯುವ ರಾಸಾಯನಿಕ ಕ್ರಿಯೆಯಿಂದ. 1912ರಲ್ಲಿ ಅದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ ಹೆಸರಿನಲ್ಲಿ ಅದನ್ನು ಮಯಾರ್ ಕ್ರಿಯೆ ಎನ್ನುತ್ತೇವೆ. ಅದು ಚುರುಕಾಗುವುದು 140 ಡಿಗ್ರಿಯ ಆಸುಪಾಸಿನಲ್ಲಿ. ಆದರೆ ಬಾಣಲೆಯಲ್ಲಿ ನೀರಿರುವವರೆಗೆ ಬಿಸಿ ನೂರನ್ನು ದಾಟುವುದಿಲ್ಲ, ಮತ್ತು ಈರುಳ್ಳಿಯಲ್ಲಿ ನೂರಕ್ಕೆ ಎಂಬತ್ತೊಂಬತ್ತು ಪಾಲು ನೀರೇ. ಒಂದು ಕಿಲೋ ಈರುಳ್ಳಿಯ ಆ ನೀರನ್ನೆಲ್ಲ ಓಡಿಸಲು ಎರಡು ಸಾವಿರ ಕಿಲೋಜೌಲ್ ಬೇಕು. ಒಲೆಯಿಂದ ಬಾಣಲೆಗೆ ಸೆಕೆಂಡಿಗೆ ಒಂದು ಕಿಲೋಜೌಲ್ ಶಾಖ ತಲುಪುತ್ತದೆ ಎಂದು ಹಿಡಿದರೂ ಅರ್ಧ ಗಂಟೆಗಿಂತ ಹೆಚ್ಚು ಬೇಕಾಯಿತು. ಕೆಂಪಾಗುವ ಕೆಲಸ ಶುರುವಾಗುವುದು ಆ ನೀರಿನ ಬಹುಪಾಲು ಹೋದ ಮೇಲೆ. "ಹತ್ತು ನಿಮಿಷ ಹುರಿಯಿರಿ" ಎಂದು ಬರೆಯುವ ಪಾಕವಿಧಾನಗಳನ್ನು ನಾನು ನಂಬುವುದನ್ನು ಬಿಟ್ಟು ಬಹಳ ವರ್ಷಗಳಾದವು. ಅಗಲ ಬಾಣಲೆಯಲ್ಲಿ ಎರಡು ಮೂರು ಸರದಿಯಾಗಿ, ಚಿಟಿಕೆ ಉಪ್ಪು ಹಾಕಿ, ಹಿಂದಿನ ದಿನವೇ ಹುರಿದಿಟ್ಟುಕೊಳ್ಳಿ. ಅಡುಗೆ ಸೋಡಾ ಒಂದು ಚೂರು ಹಾಕಿದರೆ ಬೇಗ ಕೆಂಪಾಗುವುದು ನಿಜ, ಆದರೆ ಈರುಳ್ಳಿ ಕರಗಿ ಪೇಸ್ಟಿನಂತಾಗುತ್ತದೆ. ನನಗೆ ಅದು ಸೇರುವುದಿಲ್ಲ.

ಉಪ್ಪು ಮಾತ್ರ ಗುಣಾಕಾರಕ್ಕೆ ಬಗ್ಗುತ್ತದೆ. ಪದಾರ್ಥದ ಅಂತಿಮ ತೂಕಕ್ಕೆ ಉಪ್ಪಿನ ಪ್ರಮಾಣ ಒಂದೇ ಆಗಿರುವುದರಿಂದ ಐದು ಪಟ್ಟು ಎಂದರೆ ಐದು ಪಟ್ಟೇ. ಆದರೂ ಮುಕ್ಕಾಲು ಪಾಲು ಹಾಕಿ ಉಳಿದದ್ದನ್ನು ಕೊನೆಗೆ ಹಾಕುವುದು ಜಾಣತನ, ಏಕೆಂದರೆ ನೀರು ಎಷ್ಟು ಇಂಗುತ್ತದೆ ಎಂದು ಮೊದಲೇ ಹೇಳಲಾಗದು. ಖಾರಕ್ಕೂ ಅದೇ ಮಾತು, ಅದರಲ್ಲೂ ಮೂರು ವರ್ಷದ ಮಗು ಪಂಕ್ತಿಯಲ್ಲಿರುವಾಗ. ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ ಎಂದು ನಿಮಗೆ ಯಾರಾದರೂ ಖಂಡಿತ ಹೇಳುತ್ತಾರೆ. ಆಲೂಗಡ್ಡೆ ಹೀರುವುದು ಉಪ್ಪುನೀರನ್ನು, ಬರೀ ಉಪ್ಪನ್ನಲ್ಲ. ಉಳಿದ ರಸ ಮೊದಲಿನಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಪದಾರ್ಥವನ್ನು ಸೇರಿಸಿ ಹಿಗ್ಗಿಸುವುದೊಂದೇ ದಾರಿ.

ಒಂಬತ್ತು ಗಂಟೆ ಒಲೆಯ ಮುಂದೆ ನಿಂತವರ ನಾಲಿಗೆಯನ್ನು ನಾನು ನಂಬುವುದಿಲ್ಲ, ನನ್ನದನ್ನೂ ಸೇರಿಸಿ. ರುಚಿಯೆಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದು. ಮೂಗು ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ಅಡುಗೆ ಮಾಡಿದವರಿಗೆ ಹಸಿವಿರುವುದಿಲ್ಲ ಎನ್ನುವುದರ ಹಿಂದೆ ಇದೂ ಒಂದಿದೆ. ಮಸಾಲೆ ಸಾಲದು ಎಂದು ನೀವು ಮತ್ತೆ ಮತ್ತೆ ಹಾಕಿದ್ದೀರಿ, ಅದು ಸಾಕಾಗಿತ್ತು. ಮುಂದಿನ ಸಲ ಹತ್ತು ನಿಮಿಷ ಹೊರಗೆ ಗಾಳಿಗೆ ಹೋಗಿ ಬಂದು ರುಚಿ ನೋಡಿ, ಅಥವಾ ಆಗತಾನೆ ಮನೆಯೊಳಗೆ ಬಂದವರ ಕೈಗೆ ಒಂದು ಚಮಚ ಕೊಡಿ.

ಇಷ್ಟೆಲ್ಲ ಸರಿಪಡಿಸಿದರೂ ನೀವು ಮಧ್ಯಾಹ್ನ ಎರಡರವರೆಗೆ ಅಡುಗೆಮನೆಯಲ್ಲೇ ಇರುತ್ತೀರಿ. ನಿಮ್ಮ ನಿಜವಾದ ತೊಂದರೆ ಅಳತೆಯಲ್ಲಿಲ್ಲ, ಆಯ್ಕೆಯಲ್ಲಿದೆ. ನಮ್ಮ ಭಾಷೆಯಲ್ಲಿ ಕಾಯುವುದು ಎಂದರೆ ಬಿಸಿಯಾಗುವುದೂ ಹೌದು, ನಿರೀಕ್ಷಿಸುವುದೂ ಹೌದು. ಅಡುಗೆಮನೆಯಲ್ಲಿ ಈ ಎರಡು ಅರ್ಥಗಳು ಬೇರೆಬೇರೆಯಲ್ಲ. ಕೆಲವು ಪದಾರ್ಥಗಳು ಒಮ್ಮೆ ಕಾದ ಮೇಲೆ ನಿಮಗಾಗಿ ಕಾಯುತ್ತವೆ, ಎರಡನೆಯ ಸಲ ಕಾಯಿಸಿದರೂ ಬೇಸರಿಸುವುದಿಲ್ಲ. ಇನ್ನು ಕೆಲವು ಒಂದು ನಿಮಿಷವೂ ನಿಲ್ಲುವುದಿಲ್ಲ, ನಿಮ್ಮನ್ನು ನಿಲ್ಲಿಸುತ್ತವೆ. ನಾಲ್ಕು ಜನರಿಗೆ ಮಾಡುವಾಗ ಈ ಭೇದ ಲೆಕ್ಕಕ್ಕೇ ಬರುವುದಿಲ್ಲ. ಇಪ್ಪತ್ತು ಜನರಿಗೆ ಮಾಡುವಾಗ ಅಡುಗೆಯ ಪಟ್ಟಿ ಬರೆಯಬೇಕಾದದ್ದೇ ಈ ಭೇದದ ಮೇಲೆ.

ಕಾಯದವುಗಳಲ್ಲಿ ಮೊದಲನೆಯದು ಎಣ್ಣೆಯಲ್ಲಿ ಕರಿದದ್ದು. ಹೊರಗಿನ ಗರಿಗರಿ ಪದರದಲ್ಲಿ ನೀರಿಲ್ಲ, ಒಳಗೆ ಇದೆ. ಬಾಣಲೆಯಿಂದ ಎತ್ತಿದ ಕ್ಷಣದಿಂದ ಒಳಗಿನ ಆವಿ ಹೊರಗೆ ಬಂದು ಆ ಪದರವನ್ನು ಮೆತ್ತಗೆ ಮಾಡುತ್ತದೆ, ಮುಚ್ಚಳ ಹಾಕಿದರಂತೂ ಇನ್ನೂ ಬೇಗ. ಬಿಸಿ ಆರದಿರಲಿ ಎಂದು ಕರಿದ ತಿಂಡಿಯ ಮೇಲೆ ಮುಚ್ಚಳ ಮುಚ್ಚಿ, ನೂರು ಮಕ್ಕಳಿಗೆ ಒದ್ದೆ ಚಿಂದಿಯಂಥದ್ದನ್ನು ಬಡಿಸಿದ ಹಿರಿಮೆ ನನ್ನದು. ಎರಡನೆಯದು ಹಸಿರು ಸೊಪ್ಪು ಮತ್ತು ಹಸಿರು ತರಕಾರಿ. ಬಿಸಿಯಲ್ಲಿ ಎಲೆಯೊಳಗಿನ ಆಮ್ಲ ಬಿಡುಗಡೆಯಾಗಿ ಪತ್ರಹರಿತ್ತಿನ ನಡುವಿನ ಮೆಗ್ನೀಷಿಯಂ ಅನ್ನು ಹೊರತಳ್ಳುತ್ತದೆ. ಐದಾರು ನಿಮಿಷ ಹಸಿರಾಗಿದ್ದದ್ದು ಆಮೇಲೆ ಮಾಸಲು ಕಂದಾಗುತ್ತದೆ. ಹುಳಿ ಬಿದ್ದರೆ ಇನ್ನೂ ಬೇಗ. ಹೆಚ್ಚಿದ ಹಸಿ ತರಕಾರಿ ಉಪ್ಪು ಬಿದ್ದೊಡನೆ ನೀರು ಬಿಡುತ್ತದೆ, ಆದ್ದರಿಂದ ಅದನ್ನು ಹೆಚ್ಚಿಟ್ಟು ಉಪ್ಪನ್ನು ಬಡಿಸುವ ಮುನ್ನ ಹಾಕಬೇಕು.

ಕಾಯುವವುಗಳೆಂದರೆ ಬೇಳೆಕಾಳು, ಗೆಡ್ಡೆಗೆಣಸು, ಗಟ್ಟಿ ರಸದಲ್ಲಿ ನಿಧಾನವಾಗಿ ಬೆಂದ ಎಲ್ಲವೂ. ಇವು ಕಾಯುವುದಷ್ಟೇ ಅಲ್ಲ, ಮರುದಿನಕ್ಕೆ ಇನ್ನೂ ಚೆನ್ನಾಗಿರುತ್ತವೆ. ಉಪ್ಪು ಒಂದು ಆಲೂಗಡ್ಡೆ ತುಂಡಿನ ಹೊರಗಿನಿಂದ ನಡುವಿಗೆ ಇಳಿಯಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅದೇ ದಿನ ತಿಂದರೆ ರಸ ಉಪ್ಪು, ತುಂಡು ಸಪ್ಪೆ. ರಾತ್ರಿ ಕಳೆದರೆ ಎರಡೂ ಸಮವಾಗುತ್ತವೆ. ಪಿಷ್ಟ ತಣಿದು ರಸ ಗಟ್ಟಿಯಾಗುತ್ತದೆ. ಮಸಾಲೆಯ ಚುರುಕು ಸ್ವಲ್ಪ ತಗ್ಗಿ ಒಂದರೊಳಗೊಂದು ಬೆರೆಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ ಕಾರಣ, ನನ್ನ ಅಭಿಪ್ರಾಯದಲ್ಲಿ, ಮರುದಿನಕ್ಕೆ ಅಡುಗೆ ಮಾಡಿದವರ ಮೂಗು ಚೇತರಿಸಿಕೊಂಡಿರುತ್ತದೆ ಎನ್ನುವುದು. ತಾನು ಮಾಡಿದ್ದನ್ನು ಅವರು ಮೊದಲ ಸಲ ಬಂಧುಗಳ ಹಾಗೆ ಸವಿಯುತ್ತಾರೆ.

ಹಾಗಾದರೆ ಹಿಂದಿನ ದಿನವೇ ಮುಕ್ಕಾಲು ಅಡುಗೆ ಮುಗಿಸಿಬಿಡಿ. ಆದರೆ ಇಲ್ಲಿ ಒಂದು ಅಪಾಯವಿದೆ, ಅದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಒಂದು ರಾತ್ರಿ ದೊಡ್ಡ ಪಾತ್ರೆಯ ತುಂಬ ಬೇಯಿಸಿದ ಬೇಳೆಯನ್ನು, "ಕುದಿ ಬಂದಿದೆಯಲ್ಲ, ಏನಾಗುತ್ತದೆ" ಎಂದುಕೊಂಡು, ಮುಚ್ಚಳ ಮುಚ್ಚಿ ಹಾಗೆಯೇ ಬಿಟ್ಟು ಮಲಗಿದೆ. ಬೆಳಗ್ಗೆ ಮುಚ್ಚಳ ತೆಗೆದಾಗ ನಡುವೆ ಇನ್ನೂ ಬೆಚ್ಚಗಿತ್ತು, ಮೇಲೆ ಗುಳ್ಳೆ ಏಳುತ್ತಿತ್ತು. ಹುಳಿ ವಾಸನೆ ಬಂದದ್ದು ನನ್ನ ಪುಣ್ಯ. ಅಪಾಯಕಾರಿ ಸೂಕ್ಷ್ಮಾಣುಗಳಲ್ಲಿ ಹಲವು ವಾಸನೆಯ ಸುಳಿವನ್ನೂ ಕೊಡುವುದಿಲ್ಲ.

ಕುದಿಸುವುದರಿಂದ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಕೆಲವು ಜಾತಿಗಳ ಬೀಜಕಣಗಳು ಉಳಿದುಕೊಳ್ಳುತ್ತವೆ. ದೊಡ್ಡ ಪಾತ್ರೆ ನಿಧಾನವಾಗಿ ಆರುವಾಗ ಅವು ಮೊಳೆಯುತ್ತವೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದು 45 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಸಾಮೂಹಿಕ ಊಟಗಳ ನಂತರದ ಹೊಟ್ಟೆನೋವಿಗೆ ಹೆಸರಾದದ್ದು ಇದೇ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಬಿಟ್ಟುಹೋಗುವ ಒಂದು ವಿಷವಂತೂ ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಹೇಳುವ ನಿಯಮ ಸರಳವಾಗಿದೆ. ಬೇಯಿಸಿದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಯಾಗಿ ಇಡುವುದಾದರೆ 60 ಡಿಗ್ರಿಗಿಂತ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗೆ.

ಬಿಸಿ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿಗೆ ತಳ್ಳಿದರೆ ಒಳಗಿನ ಹಾಲು ಮೊಸರೂ ಬೆಚ್ಚಗಾಗುತ್ತದೆ, ಪಾತ್ರೆಯ ನಡುಭಾಗ ಮಾತ್ರ ಬೆಳಗಿನವರೆಗೂ ಆರುವುದಿಲ್ಲ. ಆದ್ದರಿಂದ ಅಗಲವಾದ ತಟ್ಟೆ, ಡಬ್ಬಿಗಳಿಗೆ ಎರಡು ಅಂಗುಲ ಆಳಕ್ಕೆ ಸುರಿಯಿರಿ. ಆಳ ಅರ್ಧವಾದರೆ ಆರುವ ಸಮಯ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ತಣ್ಣೀರು ತುಂಬಿದ ದೊಡ್ಡ ತೊಟ್ಟಿಯಲ್ಲಿ ಆ ಪಾತ್ರೆಗಳನ್ನು ಇಟ್ಟು ಸೌಟಾಡಿಸಿದರೆ ಇನ್ನೂ ಬೇಗ. ಹಬೆ ನಿಂತ ಮೇಲೆ ಫ್ರಿಜ್ಜಿಗೆ. ಮರುದಿನ ಬಡಿಸುವ ಮುನ್ನ ಬೆಚ್ಚಗೆ ಮಾಡಿದರೆ ಸಾಲದು, ಕೆಳಗಿನಿಂದ ಮೇಲಿನವರೆಗೆ ತಿರುವಿ ಚೆನ್ನಾಗಿ ಕುದಿಸಬೇಕು. ಫ್ರಿಜ್ಜಿನಲ್ಲಿ ಜಾಗವಿಲ್ಲವೆಂದರೆ ಹಿಂದಿನ ದಿನ ಅಡುಗೆ ಮಾಡುವ ಯೋಚನೆಯನ್ನೇ ಬಿಡಿ. ಹೆಚ್ಚುವುದು, ಹುರಿಯುವುದು, ಅರೆಯುವುದು ಮಾತ್ರ ಮುಗಿಸಿಕೊಂಡು ಹುರಿದ ಈರುಳ್ಳಿಯನ್ನೂ ಅರೆದ ಮಸಾಲೆಯನ್ನೂ ಪುಟ್ಟ ಡಬ್ಬಿಗಳಲ್ಲಿ ತಣ್ಣಗಿಡಿ. ಅಷ್ಟಾದರೂ ಬೆಳಗಿನ ಮೂರು ಗಂಟೆ ಉಳಿಯುತ್ತದೆ.

ಅನ್ನವನ್ನು ಮಾತ್ರ ಆಯಾ ದಿನವೇ ಮಾಡಿ. ಇಲ್ಲಿ, ನಿಮ್ಮನ್ನು ಕಾಡಿದ ಅದೇ ಲೆಕ್ಕ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ದೊಡ್ಡ ಪಾತ್ರೆ ನಿಧಾನವಾಗಿ ಕಾದಂತೆ ನಿಧಾನವಾಗಿ ಆರುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಅನ್ನ ಮಾಡಿ, ಮುಚ್ಚಳ ಬಿಗಿದು ಒಂದೆರಡು ದಪ್ಪ ಬಟ್ಟೆ ಸುತ್ತಿಟ್ಟರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಒಳ್ಳೆಯ ಬಿಸಿಯಲ್ಲೇ ಇರುತ್ತದೆ. ಬಂದವರು ಕೈಕಾಲು ತೊಳೆದು ಕೂರುವಷ್ಟು ಹೊತ್ತು ಅದೇ.

ಸಹಾಯದ ವಿಷಯ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಹತ್ತೊಂಬತ್ತು ಜನರಲ್ಲಿ ಯಾರೂ ಕೈಜೋಡಿಸಲಿಲ್ಲವೇ, ನೀವೇ ಬೇಡವೆಂದಿರೇ? ಎರಡನೆಯದೇ ಇರಬೇಕು ಎಂದು ನನ್ನ ಊಹೆ. "ಸ್ವಲ್ಪ ಬಾ, ಇದನ್ನು ತಿರುವು" ಎನ್ನುವ ಸಹಾಯದಿಂದ ಇಬ್ಬರಿಗೂ ಕಿರಿಕಿರಿ. ಮೈಕೆಲ್ ನಾರ್ಟನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ತಾವೇ ಕೈಯಾರೆ ಮಾಡಿದ ಪೆಟ್ಟಿಗೆ, ಮಡಚಿದ ಕಾಗದದ ಗೊಂಬೆಗಳಿಗೆ ಜನ ಬೇರೆಯವರಿಗಿಂತ ಹೆಚ್ಚು ಬೆಲೆ ಕಟ್ಟುತ್ತಾರೆ ಎಂದು ಅದು ತೋರಿಸಿತು. ಆದರೆ ಕೆಲಸವನ್ನು ಅರ್ಧಕ್ಕೆ ಬಿಟ್ಟವರಲ್ಲಿ ಆ ಮಮತೆ ಕಾಣಲಿಲ್ಲ. ಆದ್ದರಿಂದ ಪೂರ್ತಿ ಕೆಲಸ ಕೊಡಿ. ಹಸಿ ತರಕಾರಿಯ ದೊಡ್ಡ ಬಟ್ಟಲು ಮೊದಲಿನಿಂದ ಕೊನೆಯವರೆಗೆ ಒಬ್ಬರದು. ಹಣ್ಣಿನ ತಟ್ಟೆ ಹತ್ತು ವರ್ಷದ ಹುಡುಗ ಹುಡುಗಿಯರದು. ನೀರು, ಲೋಟ, ತಟ್ಟೆ ಮತ್ತೊಬ್ಬರದು. ಬೀನ್ಸಿನ ನಾರು ತೆಗೆಯುತ್ತ ಕುಳಿತ ಹಿರಿಯರ ಸುತ್ತ ಹಿಂದಿನ ಸಂಜೆ ಸೇರುವ ಹರಟೆ ಎಷ್ಟೋ ಸಲ ಮರುದಿನದ ಊಟಕ್ಕಿಂತ ಚೆನ್ನಾಗಿರುತ್ತದೆ. ತುಂಡು ಓರೆಕೋರೆಯಾದರೆ ಆಗಲಿ. ನೀವು ಹಿಂದಿನಿಂದ ಹೋಗಿ ಸರಿಮಾಡಬೇಡಿ, ಅದೊಂದೇ ನನ್ನ ಬೇಡಿಕೆ.

ಈಗ ಹೊರಗೆ ಹೋಗುವ ಮಾತು. ನಿಮ್ಮ ಕಾರ್ಯಕ್ರಮವನ್ನು ತಿರುವುಮುರುವು ಮಾಡಿ: ಮೊದಲು ತಿರುಗಾಟ, ಆಮೇಲೆ ಊಟ. ಮಧ್ಯಾಹ್ನದ ಹೊತ್ತಿನ ತೂಕಡಿಕೆ ಊಟದಿಂದ ಮಾತ್ರ ಬರುವುದಲ್ಲ. ಊಟ ಮಾಡದವರಲ್ಲೂ ದೇಹದ ಗಡಿಯಾರ ಆ ಹೊತ್ತಿಗೆ ಒಮ್ಮೆ ಇಳಿಯುತ್ತದೆ, ಭರ್ಜರಿ ಊಟ ಅದನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ. ಒಂಬತ್ತು ಗಂಟೆ ದುಡಿದವರನ್ನು ಉಂಡ ಮೇಲೆ ಊರೆಲ್ಲ ಸುತ್ತಿಸಿ, ಮಂದ ಬೆಳಕಿನ ಸಭಾಂಗಣದಲ್ಲಿ ಮೆತ್ತನೆಯ ಕುರ್ಚಿಗೆ ಒರಗಿಸಿದರೆ ಹಾಡುಗಾರರು ಎಷ್ಟೇ ದೊಡ್ಡವರಾದರೂ ಏನು ಮಾಡಿಯಾರು?

ಸಂಗ್ರಹಾಲಯದ ಆಯಾಸ ಎಂಬುದಕ್ಕೆ ನೂರು ವರ್ಷದ ಹಿಂದೆಯೇ ಹೆಸರು ಬಿದ್ದಿದೆ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್‌ಮನ್ 1916ರಲ್ಲಿ ಆ ಕುರಿತು ಲೇಖನ ಬರೆದರು. ಗಾಜಿನ ಪೆಟ್ಟಿಗೆಯೊಳಗಿನ ವಸ್ತುಗಳನ್ನು ನೋಡಲು ಒಬ್ಬ ಮನುಷ್ಯ ಹೇಗೆಲ್ಲ ಬಗ್ಗಿ, ಕುಕ್ಕರಿಸಿ, ಕತ್ತು ಚಾಚಬೇಕಾಗುತ್ತದೆ ಎಂಬುದನ್ನು ಅವರು ಫೋಟೋಗಳಲ್ಲಿ ತೋರಿಸಿದ್ದರು. ನಿಮ್ಮ ಮನೆಯ ಎಂಬತ್ತರ ಹಿರಿಯರೂ ಮೂರರ ಮಗುವೂ ಮಾಡಬೇಕಾದ ಕಸರತ್ತು ಇದೇ. ನಂತರದ ಅಧ್ಯಯನಗಳಲ್ಲಿ ಕಂಡಂತೆ, ನೋಡುವವರ ಗಮನ ಮೊದಲ ಅರ್ಧ ಗಂಟೆ, ಮುಕ್ಕಾಲು ಗಂಟೆ ಚೆನ್ನಾಗಿದ್ದು ಆಮೇಲೆ ಸೋರಿಹೋಗುತ್ತದೆ. ಎಲ್ಲವನ್ನೂ ನೋಡಿಬಿಡುವ ಆಸೆ ಹೇಗೂ ಕೈಗೂಡುವುದಲ್ಲ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಸುಮಾರು 35,000 ಕೃತಿಗಳು ಪ್ರದರ್ಶನದಲ್ಲಿವೆ. ಒಂದೊಂದಕ್ಕೆ ಹತ್ತೇ ಸೆಕೆಂಡು ಕೊಟ್ಟರೂ ನಾಲ್ಕು ಹಗಲು ನಾಲ್ಕು ರಾತ್ರಿ ನಿದ್ದೆಯಿಲ್ಲದೆ ನಡೆಯಬೇಕು.

ಹಾಗಾಗಿ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಎರಡೇ ಕೋಣೆ ನೋಡಿ. ಒಳಗೆ ಹೋದೊಡನೆ ಬೆಂಚು ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ಕಾಣುವ ಕೋಣೆಯನ್ನು ಹಿರಿಯರಿಗಾಗಿ ಆರಿಸಿಕೊಳ್ಳಿ. ಪ್ರತಿಯೊಬ್ಬರೂ ತಮಗೆ ಹಿಡಿಸಿದ ಒಂದೇ ಒಂದು ವಸ್ತುವನ್ನು ನೆನಪಿಟ್ಟುಕೊಂಡು ಬರಲಿ, ಊಟಕ್ಕೆ ಕುಳಿತಾಗ ಅದನ್ನು ಹೇಳಲಿ. ಕಳೆದ ಸಲದ ಊಟದಲ್ಲಿ ಯಾವ ಮಾತು ನಡೆಯಿತೋ ನೀವು ಬರೆದಿಲ್ಲ. ಮದುವೆ, ಸಂಬಳ, ಮಂಡಿನೋವು ಎಂದು ಊಹಿಸಿದರೆ ತಪ್ಪಾಗದು. ಸಂಜೆಯ ಸಂಗೀತವನ್ನು ಬೇರೆ ದಿನಕ್ಕೆ ಇಡಿ. ಒಂದು ದಿನಕ್ಕೆ ಒಂದು ತಿರುಗಾಟ ಸಾಕು, ಸಂಗೀತ ನಿದ್ದೆ ಮಾಡಿ ಎದ್ದವರಿಗೆ ಸಲ್ಲಬೇಕಾದದ್ದು.

ಇಪ್ಪತ್ತು ಜನರನ್ನು ಒಂದೇ ಉದ್ದನೆಯ ಸಾಲಿನಲ್ಲಿ ಕೂರಿಸಿ ಒಂದೇ ಮಾತುಕತೆ ನಡೆಯಲೆಂದು ಆಶಿಸಬೇಡಿ. ರಾಬಿನ್ ಡನ್‌ಬಾರ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಜನ ತಾವಾಗಿ ಕಟ್ಟಿಕೊಳ್ಳುವ ಹರಟೆಯ ಗುಂಪುಗಳನ್ನು ಗಮನಿಸಿದಾಗ, ಒಂದು ಮಾತುಕತೆಯಲ್ಲಿ ಸಾಮಾನ್ಯವಾಗಿ ನಾಲ್ಕು ಜನಕ್ಕಿಂತ ಹೆಚ್ಚು ಉಳಿಯುವುದಿಲ್ಲ ಎಂದು ಕಂಡಿತು. ಐದನೆಯವರು ಬಂದರೆ ಗುಂಪು ಒಡೆಯುತ್ತದೆ. ನಾಲ್ಕೈದು ಕಡೆ ಚಿಕ್ಕ ಗುಂಪುಗಳಾಗಿ ಕುಳಿತು ಉಣ್ಣುವ ವ್ಯವಸ್ಥೆ ಮಾಡಿ, ಪ್ರತಿ ಗುಂಪಿನಲ್ಲೂ ಒಂದು ಮಗು, ಒಬ್ಬ ಹಿರಿಯರು ಇರಲಿ. ಪದಾರ್ಥಗಳನ್ನು ಪ್ರತಿ ಗುಂಪಿನ ನಡುವೆ ಇಟ್ಟುಬಿಟ್ಟರೆ ಬಡಿಸಲು ನೀವು ನಿಲ್ಲಬೇಕಾಗಿಲ್ಲ. ಕಿವಿ ಮಂದವಾದ ಹಿರಿಯರಿಗೆ ಇಪ್ಪತ್ತು ಜನರ ಗದ್ದಲದಲ್ಲಿ ಏನೂ ಕೇಳುವುದಿಲ್ಲ, ನಾಲ್ವರ ನಡುವೆ ಕೇಳುತ್ತದೆ.

ಹೊರಗಿನಿಂದ ತರಿಸಲೇ ಎಂದು ಕೇಳಿದ್ದಿರಿ. ಧಾರಾಳವಾಗಿ ತರಿಸಿ, ಆದರೆ ಕಾಯದ ಪದಾರ್ಥವನ್ನಲ್ಲ, ಅದು ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಮಾಡುವುದರಲ್ಲಿ ನಿಮಗೆ ಸ್ವಲ್ಪವೂ ಖುಷಿಯಿಲ್ಲದ ಒಂದನ್ನು ತರಿಸಿ. ನನಗಾದರೆ ಅದು ಸಿಹಿ. ಪಾಕದ ಹದ ಕಾಯುತ್ತ ನಿಲ್ಲುವ ತಾಳ್ಮೆ ನನಗಿಲ್ಲ, ನಾಚಿಕೆಯೂ ಇಲ್ಲ. ಎಲ್ಲವನ್ನೂ ತರಿಸಬೇಡಿ ಎನ್ನುವುದಕ್ಕೆ ನಿಮ್ಮ ಪತ್ರದ ಎರಡನೆಯ ವಾಕ್ಯವೇ ಕಾರಣ.

ಎರಡು ಕಿಲೋ ಅಕ್ಕಿ ಎಂದು ಮೇಲೆ ಲೆಕ್ಕ ಹಾಕಿದ್ದು ಉದಾಹರಣೆಗಷ್ಟೇ. ಮಕ್ಕಳು, ಹಿರಿಯರು ಇರುವ ಇಪ್ಪತ್ತು ಜನಕ್ಕೆ, ಮೂರು ನಾಲ್ಕು ಪದಾರ್ಥಗಳಿರುವಾಗ, ಒಂದೂವರೆ ಕಿಲೋ ಸಾಕು. ನನ್ನ ಮಾತು ಕೇಳದೆ ನೀವು ಎರಡು ಕಿಲೋ ಹಾಕುತ್ತೀರಿ ಎಂದೂ ಗೊತ್ತು, ಎಲ್ಲರೂ ಹಾಗೆಯೇ. ಅದಕ್ಕೆ ಬರುವವರಿಗೆಲ್ಲ ಒಂದೊಂದು ಖಾಲಿ ಡಬ್ಬಿ ತರಲು ಮೊದಲೇ ಹೇಳಿಡಿ. ಉಳಿದದ್ದನ್ನು ಊಟ ಮುಗಿದೊಡನೆ, ಎಲ್ಲರೂ ಕೈತೊಳೆಯುತ್ತಿರುವಾಗಲೇ, ಡಬ್ಬಿಗಳಿಗೆ ಹಂಚಿ ಫ್ರಿಜ್ಜಿನಲ್ಲಿಡಿ, ಹೊರಡುವಾಗ ತೆಗೆದುಕೊಡಿ. ಹತ್ತಿರದವರಿಗೆ ಅನ್ನವನ್ನೂ ಬೇಳೆಯನ್ನೂ ಕೊಡಬಹುದು. ಮನೆ ಸೇರಲು ಎರಡು ಗಂಟೆಗಿಂತ ಹೆಚ್ಚು ಬೇಕಾದವರ ಡಬ್ಬಿಗೆ ಹಣ್ಣು ಹಾಕಿಕೊಡಿ.